ಕಿವಿಯಿಂದ ಓದುವವರು



ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಬೆಳಗಿನ ಹೊತ್ತು ಒಂದು ಕ್ಷಣ ಕಣ್ಣು ಮುಚ್ಚಿ ನಿಂತು ನೋಡಿ. ಶಾಲೆಯ ಗಂಟೆ, ಖಾನಾಪುರದ ಕಡೆಯಿಂದ ಬರುವ ಬಸ್ಸಿನ ಸದ್ದು, ಸೈನಿಕರ ಕವಾಯತಿನ ಕೂಗು, ಕನ್ನಡ, ಮರಾಠಿ, ಉರ್ದು ಮಾತುಗಳು. ಎಲ್ಲಿ ನಿಂತಿದ್ದೀರಿ ಎಂಬುದನ್ನು ಕಿವಿಯೇ ಹೇಳುತ್ತದೆ. ಆದರೆ ಹಾಗೆಯೇ ಕಣ್ಣು ಮುಚ್ಚಿಕೊಂಡು ಇತಿಹಾಸದ ಪುಸ್ತಕದ 112ನೆಯ ಪುಟವನ್ನು ಓದಿ ಎಂದರೆ? ಯಾರಾದರೂ ಬಂದು ಓದಿ ಹೇಳಬೇಕು. ಅವರಿಗೆ ಬಿಡುವಾಗುವವರೆಗೆ ಕಾಯಬೇಕು. ನಾಳೆಯೇ ಪರೀಕ್ಷೆ ಇದ್ದಾಗ ಹೀಗೆ ಕಾಯುವುದು ಎಷ್ಟು ಕಷ್ಟವೆಂಬುದನ್ನು ನಿಮ್ಮ ತರಗತಿಯಲ್ಲಿರುವ ಅಂಧ ಗೆಳೆಯನನ್ನೋ ಗೆಳತಿಯನ್ನೋ ಕೇಳಿ.

ಪುಸ್ತಕವನ್ನು ಕೇಳುವುದು ನಮಗೆ ಹೊಸದಲ್ಲ. ಅಕ್ಷರ ಬಾರದ ಎಷ್ಟೋ ಹಿರಿಯರು ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿಯೇ ಬಲ್ಲವರಾಗಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಸ್ವತಃ ಅಂಧರು, ನೂರಾರು ಮಕ್ಕಳಿಗೆ ಕಿವಿಯ ಮೂಲಕವೇ ವಿದ್ಯೆ ಕೊಟ್ಟರು. ಆದರೆ ಕಥೆ ಕೇಳುವುದು ಬೇರೆ, ಪಠ್ಯ ಓದುವುದು ಬೇರೆ. ಪಠ್ಯದಲ್ಲಿ ಹಿಂದಕ್ಕೆ ಹೋಗಬೇಕು, ಮೂರನೆಯ ಅಧ್ಯಾಯ ಬಿಟ್ಟು ಏಳನೆಯದನ್ನು ತೆರೆಯಬೇಕು, ಒಂದು ಇಸವಿಯನ್ನು ಹತ್ತು ಸಲ ನೋಡಬೇಕು.

ಮಾತನಾಡುವ ಪುಸ್ತಕಗಳ ಚರಿತ್ರೆಗೂ ಸೈನಿಕರಿಗೂ ನಂಟಿದೆ. ಬೆಳಗಾವಿಯಂಥ ದಂಡಿನ ಊರಿನವರಿಗೆ ಇದು ಆಸಕ್ತಿಯ ವಿಷಯವಾದೀತು. 1916ರಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಕಣ್ಣು ಕಳೆದುಕೊಂಡ ಇಯಾನ್ ಫ್ರೇಸರ್ ಎಂಬ ಬ್ರಿಟಿಷ್ ಅಧಿಕಾರಿ, ತನ್ನಂತೆ ಕುರುಡಾದ ಸೈನಿಕರಿಗಾಗಿ ಇದರ ಬೆನ್ನು ಹತ್ತಿದರು. ಬೆಳೆದ ವಯಸ್ಸಿನಲ್ಲಿ ಬೆರಳಿನಿಂದ ಬ್ರೈಲ್ ಕಲಿಯುವುದು ಅನೇಕರಿಗೆ ಸುಲಭವಾಗಿರಲಿಲ್ಲ. 1935ರಲ್ಲಿ ಬ್ರಿಟನ್ನಿನ ಅಂಧರಿಗೆ ಗ್ರಾಮಫೋನ್ ತಟ್ಟೆಗಳಲ್ಲಿ ಪುಸ್ತಕಗಳು ಬಂದವು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 25 ನಿಮಿಷ. ಒಂದು ಕಾದಂಬರಿಗೆ ಒಂದು ಹೊರೆ ತಟ್ಟೆ! ಮುಂದೆ ಧ್ವನಿಸುರುಳಿ ಬಂದಿತು. 20 ಗಂಟೆಯ ಪುಸ್ತಕಕ್ಕೆ 90 ನಿಮಿಷದ 14 ಸುರುಳಿಗಳು. ಬೇಕಾದ ಸಾಲು ಎಲ್ಲಿದೆಯೆಂದು ಹಿಂದೆ ಮುಂದೆ ಓಡಿಸಿ ಹುಡುಕುವಷ್ಟರಲ್ಲಿ ಸಂಜೆಯಾಗುತ್ತಿತ್ತು.

ಈ ಕೊರತೆಯನ್ನು ನೀಗಿದ್ದು ಡೈಸಿ ಎಂಬ ಪದ್ಧತಿ. ಸ್ವೀಡನ್ನಿನಲ್ಲಿ ಹುಟ್ಟಿದ ಇದನ್ನು ಬೆಳೆಸಲು 1996ರಲ್ಲಿ ಹಲವು ದೇಶಗಳ ಗ್ರಂಥಾಲಯಗಳು ಒಕ್ಕೂಟ ಕಟ್ಟಿದವು. ಧ್ವನಿಯ ಜೊತೆಗೇ ಅಧ್ಯಾಯ, ಉಪಶೀರ್ಷಿಕೆ, ಪುಟಸಂಖ್ಯೆಗಳ ಗುರುತುಗಳನ್ನೂ ಹೆಣೆದಿಡುವುದು ಇದರ ಗುಟ್ಟು. ಅಂಗೈಯಗಲದ ಯಂತ್ರದ ಮೇಲೆ ದೂರವಾಣಿಯಲ್ಲಿರುವಂತೆ ಅಂಕಿಯ ಗುಂಡಿಗಳು. 5ರ ಮೇಲೆ ಬೆರಳಿಗೆ ಸಿಗುವ ಒಂದು ಉಬ್ಬು. ಸಾಮಾನ್ಯವಾಗಿ 2 ಮತ್ತು 8 ಒತ್ತಿ ಅಧ್ಯಾಯವೋ ಪುಟವೋ ಎಂದು ಆರಿಸಿ, 4 ಒತ್ತಿದರೆ ಹಿಂದಕ್ಕೆ, 6 ಒತ್ತಿದರೆ ಮುಂದಕ್ಕೆ. 112 ಎಂದು ಒತ್ತಿದರೆ ಆ ಪುಟವೇ ಮಾತನಾಡತೊಡಗುತ್ತದೆ. ನಿಲ್ಲಿಸಿದಲ್ಲಿಂದ ನಾಳೆ ಮುಂದುವರಿಸಬಹುದು, ಗುರುತು ಇಡಬಹುದು, ದನಿ ಕೀರಲಾಗದಂತೆ ವೇಗ ಹೆಚ್ಚಿಸಬಹುದು. ವಿದ್ಯುತ್ ಹೋದರೂ ಬ್ಯಾಟರಿಯಿಂದ ನಡೆಯುತ್ತದೆ. ಮಳೆಗಾಲದ ಖಾನಾಪುರ ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಇಂದು ಸ್ಮಾರ್ಟ್‌ಫೋನೂ ಈ ಕೆಲಸ ಮಾಡುತ್ತದೆ. ಆದರೂ ಗಾಜಿನ ನುಣುಪಿಗಿಂತ ಗುಂಡಿಯನ್ನೇ ನೆಚ್ಚುವ ಓದುಗರಿದ್ದಾರೆ.

ಯಂತ್ರವೇನೋ ಬಂದಿತು. ಒಳಗೆ ಕನ್ನಡ ಪುಸ್ತಕ ಬೇಕಲ್ಲ! 2016ರಲ್ಲಿ ಆರಂಭವಾದ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳಿವೆ. ಆದರೆ ನಿಮ್ಮ ಉಪನ್ಯಾಸಕರು ನಿನ್ನೆ ಕೊಟ್ಟ ಟಿಪ್ಪಣಿ ಅಲ್ಲಿರುವುದಿಲ್ಲ. ಗಣಕದಲ್ಲಿ ಬೆರಳಚ್ಚಾದ ಬರಹವನ್ನು ಯಂತ್ರವೇ ಓದಬಲ್ಲದು. ಆದರೆ ಅದು ಯೂನಿಕೋಡ್‌ನಲ್ಲಿರಬೇಕು. ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾಗಿದ್ದರೆ, ನಿಮ್ಮ ಕಣ್ಣಿಗೆ ಚೆಂದದ ಕನ್ನಡವಾಗಿ ಕಂಡರೂ, ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ.

ಹಾಗಾಗಿ ನಿಮ್ಮ ದನಿ ಬೇಕು. ಅನುಮತಿಯ ಭಯ ಬೇಡ: 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಅಂಗವಿಕಲರ ಸ್ವಂತ ಓದಿಗೆ ಅಥವಾ ಶಿಕ್ಷಣಕ್ಕೆ ಯಾರು ಬೇಕಾದರೂ ಇಂಥ ಪ್ರತಿಯನ್ನು ಮಾಡಿಕೊಡಬಹುದು. ನಾಟಕದ ದನಿ ಬೇಡ. ಬೆಳಗಾವಿಯ ಉಚ್ಚಾರಕ್ಕೆ ನಾಚಬೇಕಾಗಿಯೂ ಇಲ್ಲ. ಪುಟ ಬದಲಾದಾಗ ಅದರ ಅಂಕಿ ಹೇಳಿ. ಒಂದೊಂದು ಪಾಠವನ್ನು ಬೇರೆಬೇರೆಯಾಗಿ ಮುದ್ರಿಸಿ. ಆಗ ಗುರುತು ಹಾಕುವ ತಂತ್ರಾಂಶ ಇಲ್ಲದಿದ್ದರೂ ಪಾಠದಿಂದ ಪಾಠಕ್ಕೆ ಹಾರಬಹುದು. ನಕ್ಷೆ ಬಂದಾಗ 'ಇಲ್ಲೊಂದು ನಕ್ಷೆ ಇದೆ' ಎಂದು ದಾಟಿಬಿಡಬೇಡಿ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ, ಪೂರ್ವಕ್ಕೆ ತಿರುಗುತ್ತಾಳೆ, ಸವದತ್ತಿಯ ಬಳಿ ಅಣೆಕಟ್ಟಿಗೆ ಬರುತ್ತಾಳೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ ಎಂದು, ನದಿಯ ಗೆರೆಯ ಮೇಲೆ ಬೆರಳಿಟ್ಟುಕೊಂಡು ನಿಧಾನವಾಗಿ ಹೇಳಿ.