ಶಾಲೆ ತೆರೆಯುವ ಮೊದಲು



ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುತ್ತವೆ. ಆ ಹೊತ್ತಿಗೆ ನಮ್ಮ ಪೀಣ್ಯದ ಸುತ್ತ, ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ವಠಾರಗಳಿಗೆ ಹೊಸಬರು ಬಂದಿರುತ್ತಾರೆ. ರಾಯಚೂರು ಕಡೆಯವರು, ಯಾದಗಿರಿ ಕಡೆಯವರು, ತುಮಕೂರಿನವರು. ಗಾರ್ಮೆಂಟ್ಸಿಗೆ ಹೋಗುವವರು ಬೆಳಿಗ್ಗೆ ಮನೆ ಬಿಟ್ಟರೆ ಬರೋದು ಕತ್ತಲಾದ ಮೇಲೆ. ಮಗುವನ್ನು ಶಾಲೆಗೆ ಸೇರಿಸೋ ಕೆಲಸ ನಾಳೆ, ನಾಡಿದ್ದು ಅಂತ ಮುಂದೆ ಹೋಗುತ್ತದೆ. ಅದಕ್ಕೇ ಈಗಲೇ ಒಂದು ಭಾನುವಾರ ಕೂತು ಕಾಗದ ಜೋಡಿಸೋಣ.

ಜನನ ಪ್ರಮಾಣ ಪತ್ರ, ಆಧಾರ್, ರೇಷನ್ ಕಾರ್ಡು, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಹಳೆ ಶಾಲೆಯ ಟಿ.ಸಿ. ಎಲ್ಲವೂ ಒಂದೇ ಚೀಲದಲ್ಲಿರಲಿ. ಶೀಟಿನ ಮನೆ ಸೋರುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ.

ಒಂದು ಕಾಗದ ಇಲ್ಲ ಅಂತ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಓದು ಉಚಿತ. ವಯಸ್ಸಿನ ದಾಖಲೆ ಇಲ್ಲ, ಟಿ.ಸಿ. ಬಂದಿಲ್ಲ ಅಂತ ಶಾಲೆಯವರು ವಾಪಸ್ ಕಳಿಸುವ ಹಾಗಿಲ್ಲ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟವನ್ನೂ ಅಲ್ಲೇ ಕೊಡುತ್ತಾರೆ.

ಅರ್ಜಿಗೆ ಸಹಿ ಹಾಕುವ ಮೊದಲು ಓದಿ. ಹೆಬ್ಬೆಟ್ಟು ಒತ್ತುವ ಕಾಲದಲ್ಲಿ ಬರೆಯುವವರು ಬರೆದದ್ದೇ ಹೆಸರು. ಬಸವ್ವ ಹೋಗಿ ಬಸಮ್ಮ ಆಗುತ್ತಿತ್ತು. ಹುಟ್ಟಿದ ತಾರೀಕು ಗೊತ್ತಿಲ್ಲ ಅಂದರೆ ಜೂನ್ 1. ನಮ್ಮಲ್ಲಿ ಎಷ್ಟು ಜನ ಜೂನ್ 1ರಂದೇ ಹುಟ್ಟಿದ್ದೇವೆ, ಎಣಿಸಿ ನೋಡಿ! ಇಲ್ಲಿ ಬರೆದದ್ದೇ ಮುಂದೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಗುತ್ತದೆ. ಆಮೇಲೆ ತಿದ್ದಿಸಲು ಕೋರ್ಟಿನವರೆಗೂ ಅಲೆಯಬೇಕಾದೀತು. ಮಗುವಿನ ಹೆಸರು, ತಂದೆ ತಾಯಿ ಹೆಸರು, ತಾರೀಕು, ಈ ಮೂರನ್ನೂ ಬೆರಳಿಟ್ಟು ಓದಿ. ತಪ್ಪಿದ್ದರೆ ಅಲ್ಲೇ ಹೇಳಿ. ನಿಧಾನವಾದರೂ ಪರವಾಗಿಲ್ಲ, ಹಿಂದೆ ನಿಂತವರು ಕಾಯಲಿ.

ಇನ್ನೊಂದು ಮಾತು ಹೇಳೋದು ಕಷ್ಟ. ಕೈಕೂಸು ನೋಡಿಕೊಳ್ಳಲು ದೊಡ್ಡ ಹುಡುಗಿಯನ್ನು ಶಾಲೆ ಬಿಡಿಸುತ್ತೇವೆ. ನಾಲ್ಕು ದಿನ ಅಂತೇವೆ, ವರ್ಷ ಕಳೆಯುತ್ತದೆ. ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದೆ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಮಗುವನ್ನು ಅಲ್ಲಿ ಬಿಟ್ಟು ಬಂದು ಮಲಗಲಿ. ಅದೇನು ಹೆಂಗಸರದೇ ಕೆಲಸವೇ? ಅದಕ್ಕಿಂತ ಚಿಕ್ಕ ಕೂಸಾದರೆ ಕಾರ್ಖಾನೆಯಲ್ಲಿ ಕೇಳಿ. 50ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಜಾಗ ಇರಬೇಕು ಅಂತ ಕಾನೂನಿದೆ. ಒಬ್ಬರೇ ಕೇಳಿದರೆ ಸೂಪರ್‌ವೈಸರ್ ಗದರಬಹುದು. ನಾಲ್ಕೈದು ಜನ ಕೂಡಿ ಹೋಗಿ.

ಅರ್ಜಿ ಓದಲು ತೊಡಕಾದರೆ ಸಂಜೆ ತರಗತಿಗೆ ತನ್ನಿ. ಆ ದಿನ ಅದನ್ನೇ ಪಾಠ ಮಾಡಿಕೊಳ್ಳೋಣ.