ಪರದೆ ಬಂತು, ಮಗುವಿನ ಮಾತು ಬಂತೇ?

(ಅಧ್ಯಾಪಕರು ಮತ್ತು ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಗೆ ತಂತ್ರಜ್ಞಾನ ಬರಬೇಕೇ ಬೇಡವೇ ಎಂಬ ಚರ್ಚೆಯ ಕಾಲ ಮುಗಿದಿದೆ. ಅದು ಬಂದಾಗಿದೆ. ತರಗತಿಗೆ ಪರದೆ ಬಂದಾಗ ಅದರ ಜೊತೆ ಮಗುವಿನ ಮಾತೂ ಬಂತೇ ಎಂಬುದೇ ಈಗ ಉಳಿದಿರುವ ಪ್ರಶ್ನೆ.

2004ರ ಸೆಪ್ಟೆಂಬರ್ 20ರಂದು ಭಾರತವು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ತಲುಪಿದವು. ಇದು ಸಣ್ಣ ಸಾಧನೆಯಲ್ಲ. ಆದರೆ ಪರದೆಯಲ್ಲಿ ಪಾಠ ಹೇಳುವವರಿಗೆ ಹಿಂದಿನ ಬೆಂಚಿನ ಮಗುವಿನ ಮುಖ ಕಾಣಿಸುವುದಿಲ್ಲ. ಆ ಮುಖವನ್ನು ಓದುವ ಹೊಣೆ ಅಂದೂ ತರಗತಿಯ ಅಧ್ಯಾಪಕರದಾಗಿತ್ತು, ಇಂದೂ ಅವರದೇ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಈ ಸತ್ಯ ಮನೆಮನೆಗೂ ಅರ್ಥವಾಯಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ ಬಂತು, ಮೊಬೈಲಿನಲ್ಲಿ ತರಗತಿ ನಡೆಯಿತು. ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ 'ವಿದ್ಯಾಗಮ' ಕಾರ್ಯಕ್ರಮವು ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು: ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಮಾತ್ರ ಇರುವವರು, ಏನೂ ಇಲ್ಲದವರು. ಅಧ್ಯಾಪಕರೇ ಮಕ್ಕಳಿದ್ದಲ್ಲಿಗೆ ಹೋಗಿ ಬಯಲಿನಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಅದನ್ನು ತಡೆಹಿಡಿಯಲಾಯಿತು. ಆದರೂ ಪಾಠಕ್ಕೆ ಮೊದಲು ಮಗುವಿನ ಸ್ಥಿತಿಯನ್ನು ವಿಚಾರಿಸಬೇಕು ಎಂಬ ಅದರ ತತ್ವ ಸರಿಯಾಗಿತ್ತು.

ಹೆತ್ತವರೇ, ಮನೆಯಲ್ಲಿ ಒಂದೇ ಫೋನ್ ಇದ್ದಾಗ ಅದು ಯಾರ ಕೈಗೆ ಹೋಯಿತು? ಮಗನಿಗೋ, ಮಗಳಿಗೋ? ಉತ್ತರವನ್ನು ಇಲ್ಲಿ ಹೇಳಬೇಕಾಗಿಲ್ಲ. ನಿಮ್ಮ ಮನಸ್ಸಿಗೆ ನೀವೇ ಹೇಳಿಕೊಂಡರೆ ಸಾಕು.

ಮಕ್ಕಳ ಅಭಿಪ್ರಾಯ ಕೇಳುವುದು ಹೊಸ ಫ್ಯಾಷನ್ ಎಂದು ಕೆಲವರು ಭಾವಿಸಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ವಿಧಿಯು, ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಿ, ತನ್ನ ಅಭಿಪ್ರಾಯವನ್ನು ನಿರ್ಭೀತಿಯಿಂದ ಹೇಳಲು ನೆರವಾಗಬೇಕೆನ್ನುತ್ತದೆ. ಇದು ಅಧ್ಯಾಪಕರ ಔದಾರ್ಯವಲ್ಲ, ಮಗುವಿನ ಹಕ್ಕು.

ಅಧ್ಯಾಪಕ ಮಿತ್ರರ ಅಳುಕು ನನಗೆ ಅರ್ಥವಾಗುತ್ತದೆ. ಯಂತ್ರವನ್ನು ತಮಗಿಂತ ಚೆನ್ನಾಗಿ ಬಲ್ಲ ಮಕ್ಕಳ ಮುಂದೆ ನಿಲ್ಲುವುದು ಮುಜುಗರ. ಅವರಿಂದಲೇ ತಮ್ಮ ಪಾಠದ ಬಗ್ಗೆ ಕೇಳುವುದು ಇನ್ನಷ್ಟು ಮುಜುಗರ. ಆದರೆ ಅಭಿಪ್ರಾಯ ಕೇಳುವುದೆಂದರೆ ಗುರುವಿಗೆ ಅಂಕ ಹಾಕಿಸುವುದಲ್ಲ. ಪಾಠದ ಕೊನೆಯ ಐದು ನಿಮಿಷ ಒಂದು ಚೀಟಿ ಕೊಡಿ. ಹೆಸರು ಬರೆಯುವುದು ಬೇಡ. ಏನು ಅರ್ಥವಾಯಿತು, ಎಲ್ಲಿ ತಡವರಿಸಿದಿರಿ ಎಂಬ ಎರಡು ಪ್ರಶ್ನೆ ಸಾಕು. ಮನೆಯಲ್ಲಿ ಬ್ಯಾರಿ ಅಥವಾ ಉರ್ದು ಮಾತನಾಡಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷಿನಲ್ಲಿ ಕಲಿಯುವ ನಮ್ಮ ಅನೇಕ ಮಕ್ಕಳಿಗೆ ವಿಷಯವಲ್ಲ, ಪದವೇ ತೊಡಕಾಗಿರಬಹುದು. ಅದು ಚೀಟಿಯಲ್ಲಿ ಕಾಣುತ್ತದೆ. ಮರುದಿನ ಆ ತೊಡಕಿನಿಂದಲೇ ಪಾಠ ಆರಂಭಿಸಿ. ಬರೆದದ್ದಕ್ಕೆ ಉತ್ತರ ಸಿಗದಿದ್ದರೆ ಮಕ್ಕಳು ಮೂರನೆಯ ದಿನ ಬರೆಯುವುದನ್ನು ನಿಲ್ಲಿಸುತ್ತಾರೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಇನ್ನೊಂದು ಸವಾಲು ಎದುರಾಗಿದೆ. ಮನೆಪಾಠದ ಉತ್ತರವನ್ನು ಯಂತ್ರವೇ ಬರೆದುಕೊಡುತ್ತದೆ. ನೋಟ್‌ಪುಸ್ತಕ ತುಂಬಿದ ಮಾತ್ರಕ್ಕೆ ಮಗು ಕಲಿತಿದೆ ಎನ್ನುವಂತಿಲ್ಲ. ನಿಷೇಧವೊಂದೇ ಇದಕ್ಕೆ ಮದ್ದಲ್ಲ. ಬರೆದದ್ದನ್ನು ತನ್ನ ಮಾತಿನಲ್ಲಿ ವಿವರಿಸಲು ಹೇಳಿ; ಯಂತ್ರದ ಉತ್ತರದಲ್ಲಿ ತಪ್ಪು ಹುಡುಕಲು ಕಲಿಸಿ. ಓದಲು ಬಾರದ ತಾಯಿಯೂ ಮನೆಯಲ್ಲಿ, "ಇವತ್ತು ಏನು ಕಲಿತೆ, ನನಗೂ ಹೇಳು ಮಗಾ" ಎಂದು ಕೇಳಬಲ್ಲಳು. ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಆಳುವವರಿಗೂ ಒಂದು ಮಾತು. ಸ್ಮಾರ್ಟ್ ಬೋರ್ಡಿನ ಉದ್ಘಾಟನೆಗೆ ಬರುವ ಉತ್ಸಾಹ ಖಾಲಿ ಹುದ್ದೆ ತುಂಬುವುದರಲ್ಲೂ ಇರಲಿ. ಉಪಕರಣ ಕೊಟ್ಟು ತರಬೇತಿ ಕೊಡದಿದ್ದರೆ ಅದು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಬಂಧುಗಳೇ, "ಸಾರ್, ನನಗೆ ಅರ್ಥವಾಗಲಿಲ್ಲ" ಎನ್ನಲು ಧೈರ್ಯವಿಲ್ಲದ ಮಗುವೇ ನಾಳೆ ಶಾಲೆ ಬಿಡುವ ಮಗುವಾಗಬಹುದು. ಆ ಒಂದು ವಾಕ್ಯವನ್ನು ನಗದೆ, ಗದರದೆ ಕೇಳಿಸಿಕೊಳ್ಳುವ ತರಗತಿಯನ್ನು ಕಟ್ಟೋಣ. ಅದಕ್ಕೆ ಅನುದಾನ ಬೇಕಾಗಿಲ್ಲ.