ತೂಕ ಇಳಿದ ಮೇಲೆ ಬೂಟಿನ ಅಳತೆ

(ವಿಶ್ವೇಶ್ವರಪುರಂ ಬಡಾವಣೆಯ ನಾಗರಿಕರನ್ನು ಉದ್ದೇಶಿಸಿ ಮಾಡಿದ ಭಾಷಣ)



ವಿಶ್ವೇಶ್ವರಪುರಂ ನಿವಾಸಿಗಳಿಗೆ ಎರಡು ಆಕರ್ಷಣೆಗಳು ಸಮೀಪದಲ್ಲಿಯೇ ಇವೆ. ಸಜ್ಜನರಾವ್ ವೃತ್ತದ ಬಳಿಯ ತಿಂಡಿ ಬೀದಿ ಒಂದು. 1760ರಲ್ಲಿ ಹೈದರಾಲಿಯು ಆರಂಭಿಸಿದ, ಈಗ 240 ಎಕರೆಗಳಷ್ಟು ವಿಸ್ತಾರವಾಗಿರುವ ಲಾಲ್‌ಬಾಗ್ ಮತ್ತೊಂದು. ಮೊದಲನೆಯದರಲ್ಲಿ ಏರಿದ ತೂಕವನ್ನು ಎರಡನೆಯದರಲ್ಲಿ ಇಳಿಸಲು ಅನೇಕರು ಪ್ರತಿದಿನ ಮುಂಜಾನೆ ನಡೆಯುತ್ತಾರೆ, ಓಡುತ್ತಾರೆ. ಅವರ ಶ್ರದ್ಧೆ ಶ್ಲಾಘನೀಯವಾದುದು. ಆದರೆ ತೂಕ ಇಳಿದೊಡನೆ ಷರಟು, ರವಿಕೆಗಳನ್ನು ದರ್ಜಿಯ ಬಳಿಗೆ ಒಯ್ದು ಹಿಡಿಸುವ ನಾವು, ಕಾಲಿನ ಬೂಟಿನ ಅಳತೆಯನ್ನು ಮಾತ್ರ ಗಮನಿಸುವುದಿಲ್ಲ. ಈ ಅಲಕ್ಷ್ಯದಿಂದ ಕೆಲವೊಮ್ಮೆ ಕಾಲಿಗೇ ಅಪಾಯ ಒದಗುತ್ತದೆ.

ಪ್ರಾಯಕ್ಕೆ ಬಂದವರ ಪಾದ ಕೊನೆಯವರೆಗೂ ಒಂದೇ ಅಳತೆಯಲ್ಲಿರುತ್ತದೆ ಎಂಬ ನಂಬಿಕೆ ಸರಿಯಲ್ಲ. ಪಾದದಲ್ಲಿ ಮೂಳೆಗಳಷ್ಟೇ ಅಲ್ಲದೆ ಕೊಬ್ಬು, ದ್ರವಾಂಶ ಮತ್ತು ಅಂಗಾಲಿನ ಕಮಾನನ್ನು ಹಿಡಿದಿಡುವ ನಾರುಗಳೂ ಇವೆ. ದೇಹದ ಭಾರ ಹೆಚ್ಚಿದಾಗ ಕಮಾನು ತಗ್ಗಿ ಪಾದವು ಹರಡಿಕೊಳ್ಳುತ್ತದೆ. ಭಾರ ಇಳಿದಾಗ ಕೊಬ್ಬು ಮತ್ತು ಊತ ಕಡಿಮೆಯಾಗಿ ಪಾದದ ಅಗಲವೂ ಸುತ್ತಳತೆಯೂ ಕುಗ್ಗಬಹುದು. ಉದ್ದದಲ್ಲಿ ಆಗುವ ವ್ಯತ್ಯಾಸ ಸಾಮಾನ್ಯವಾಗಿ ಅಲ್ಪ. ಈ ಬದಲಾವಣೆ ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ತಾಯಂದಿರ ವಿಷಯದಲ್ಲಿ ಇದಕ್ಕೆ ವಿರುದ್ಧವೂ ಆಗಬಹುದು. ಗರ್ಭಾವಸ್ಥೆಯಲ್ಲಿ ಕಮಾನು ತಗ್ಗಿ ಉದ್ದವಾದ ಪಾದ, ಹೆರಿಗೆಯಾಗಿ ತೂಕ ಇಳಿದ ನಂತರವೂ ಕೆಲವರಲ್ಲಿ ಹಾಗೆಯೇ ಉಳಿಯುತ್ತದೆ. ಆದುದರಿಂದ ಊಹೆ ಸಾಲದು, ಅಳೆದು ನೋಡಬೇಕು.

ಬೂಟು ಸಡಿಲವಾದರೆ ಪ್ರತಿ ಹೆಜ್ಜೆಗೂ ಪಾದವು ಒಳಗೆ ಜಾರುತ್ತದೆ. ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತದೆ. ಬೆರಳುಗಳು ಮುಂದಕ್ಕೆ ನುಗ್ಗಿ ಉಗುರು ಕಪ್ಪಾಗುತ್ತದೆ. ಕಾಲು ಉಳುಕುವ ಸಂಭವವೂ ಹೆಚ್ಚು. ಆರೋಗ್ಯವಂತರಿಗೆ ನೋವು ಎಚ್ಚರಿಕೆ ಕೊಡುತ್ತದೆ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ದುರ್ಬಲಗೊಂಡವರಿಗೆ ಆ ಎಚ್ಚರಿಕೆ ಸಿಗುವುದಿಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಅವರು, ನೋವು ತಿಳಿಯದಿರುವುದೇ ಅಂಗ ಹಾನಿಗೆ ಮುಖ್ಯ ಕಾರಣವೆಂದು ತೋರಿಸಿಕೊಟ್ಟರು. ಈ ಮಾತು ಮಧುಮೇಹಿಗಳಿಗೂ ಅನ್ವಯಿಸುತ್ತದೆ. ವೈದ್ಯರ ಸಲಹೆಯಂತೆ ಶ್ರಮಪಟ್ಟು ತೂಕ ಇಳಿಸಿದ ಮಧುಮೇಹಿಯು, ಸಡಿಲವಾದ ಹಳೆಯ ಬೂಟಿನಲ್ಲೇ ನಡೆದು, ಅರಿವಿಲ್ಲದೆ ಎದ್ದ ಒಂದು ಬೊಬ್ಬೆಯಿಂದ ವ್ರಣಕ್ಕೂ, ಕಡೆಗೆ ಬೆರಳು ಕಳೆದುಕೊಳ್ಳುವ ದುಃಸ್ಥಿತಿಗೂ ಗುರಿಯಾಗಬಾರದು. ಅಂಥವರು ಬೂಟು ತೊಡುವ ಮುನ್ನ ಒಳಗೆ ಕೈಯಾಡಿಸಿ, ಕಳಚಿದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ಪರೀಕ್ಷಿಸಿ ನೋಡುವುದನ್ನು ನಿತ್ಯವಿಧಿಯಾಗಿ ಇರಿಸಿಕೊಳ್ಳಬೇಕು.

ಇನ್ನು ಅಟ್ಟೆಯ ವಿಚಾರ. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ಕಾಲಿನ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. 80 ಕಿಲೋ ಇದ್ದವರು 70 ಕಿಲೋಗೆ ಇಳಿದರೆ, ಹೆಜ್ಜೆಯೊಂದಕ್ಕೆ 20ರಿಂದ 30 ಕಿಲೋಗಳಷ್ಟು ಹೊರೆ ತಪ್ಪಿತು. ಇದು ಮಂಡಿಗೆ ದೊಡ್ಡ ಉಪಕಾರ. ಮುಂದೆ ಕೊಳ್ಳುವ ಬೂಟು ಹೆಚ್ಚು ಕಾಲ ಬಾಳಲೂ ಸಹಾಯಕ. ಆದರೆ ಹಳೆಯ ಬೂಟಿನ ಮೆತ್ತನೆಯ ನೊರೆಪದರವು ಹಳೆಯ ಭಾರಕ್ಕೆ ಈಗಾಗಲೇ ಅದುಮಿಹೋಗಿರುತ್ತದೆ. ನೀವು ಹಗುರವಾದಿರೆಂದು ಅದು ಮತ್ತೆ ಉಬ್ಬಿಕೊಳ್ಳದು. ಓಟದ ಬೂಟನ್ನು 500ರಿಂದ 800 ಕಿಲೋಮೀಟರುಗಳ ನಡುವೆ ಬದಲಿಸುವುದು ವಾಡಿಕೆ. ದಿನಕ್ಕೆ 4 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡುವವರಿಗೆ ಇದು 5ರಿಂದ 8 ತಿಂಗಳಾಗುತ್ತದೆ. ಕೇವಲ ನಡೆಯುವವರಿಗೆ ಇನ್ನೂ ಹೆಚ್ಚು ಕಾಲ ಬರಬಹುದು. ಬೂಟುಗಳನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿರಿ. ಒಂದು ಪಕ್ಕಕ್ಕೆ ವಾಲಿದ್ದರೆ, ಅಟ್ಟೆಯ ಗೀರುಗಳು ನುಣುಪಾಗಿದ್ದರೆ, ಅದರ ಕಾಲ ಮುಗಿದಂತೆಯೇ.

ತೂಕ ಇನ್ನೂ ಇಳಿಯುತ್ತಿರುವವರು ಅವಸರದಿಂದ ದುಬಾರಿ ಬೂಟು ಕೊಳ್ಳಬೇಕಾಗಿಲ್ಲ. ಅಟ್ಟೆ ಚೆನ್ನಾಗಿದ್ದು, ಸಡಿಲ ಅಲ್ಪವಾಗಿದ್ದರೆ ದಪ್ಪನೆಯ ಕಾಲುಚೀಲ ಧರಿಸಿ, ಮೇಲಿನ ಕೊನೆಯ ರಂಧ್ರದವರೆಗೂ ಲೇಸನ್ನು ಕಟ್ಟಿದರೆ ಸಾಕಾಗಬಹುದು. ತುದಿಗೆ ಹತ್ತಿ, ಬಟ್ಟೆ ತುರುಕುವುದು ಬೇಡ. ಆಗಲೂ ಹಿಮ್ಮಡಿ ಮೇಲೇಳುತ್ತಿದ್ದರೆ ಬೇರೆ ಜೊತೆ ಅಗತ್ಯವೆಂದು ತಿಳಿಯಿರಿ. ಕೊಳ್ಳುವಾಗ ಹಳೆಯ ನಂಬರನ್ನು ಹೇಳಿ ತರಬೇಡಿ. ಮಕ್ಕಳ ಕೈಯಲ್ಲಿ ಹೇಳಿಕಳುಹಿಸಲೂ ಬೇಡಿ. ಪಾದ ತುಸು ಉಬ್ಬಿರುವ ಸಂಜೆಯ ಹೊತ್ತು ಅಂಗಡಿಗೆ ಹೋಗಿ, ನಿಂತ ಭಂಗಿಯಲ್ಲಿ ಎರಡೂ ಪಾದಗಳನ್ನು ಅಳೆಯಿಸಿ, ದೊಡ್ಡ ಪಾದಕ್ಕೆ ಹೊಂದುವುದನ್ನು ಆರಿಸಿರಿ. ಅತ್ಯಂತ ಉದ್ದವಾದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಸ್ಥಳವಿರಲಿ. ಸವೆದ ಬೂಟನ್ನು ಮನೆಯ ಕಿರಿಯರಿಗೆ ದಾಟಿಸಬೇಡಿ. ಅದು ನಿಮ್ಮ ನಡಿಗೆಗೆ ಬಗ್ಗಿದೆ, ಅವರ ನಡಿಗೆಗಲ್ಲ.

ಕಡೆಯದಾಗಿ ಒಂದು ಮಾತು. ಪ್ರಯತ್ನಪಟ್ಟು ತೂಕ ಇಳಿಸಿದವರ ಬೂಟು ಸಡಿಲವಾದರೆ ಸಂತೋಷಪಡೋಣ. ಆದರೆ ಊಟ, ವ್ಯಾಯಾಮಗಳಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಇದ್ದಕ್ಕಿದ್ದಂತೆ ಬಟ್ಟೆಯೂ ಬೂಟೂ ಸಡಿಲವಾದರೆ ಅದು ಸಂತೋಷದ ಸಂಗತಿಯಲ್ಲ. ಕ್ಷಯ, ಮಧುಮೇಹ, ಥೈರಾಯಿಡ್ ಗ್ರಂಥಿಯ ದೋಷಗಳು ಹೀಗೆಯೇ ಕಾಣಿಸಿಕೊಳ್ಳುವುದುಂಟು. ಅಂತಹವರು ಅಂಗಡಿಗೆ ಹೋಗುವ ಮುನ್ನ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕು.

ತಿಂಗಳಿಗೊಮ್ಮೆ ತೂಕ ನೋಡಿಕೊಳ್ಳುವ ದಿನವೇ ಪಾದವನ್ನೂ ಬೂಟನ್ನೂ ಪರೀಕ್ಷಿಸುವ ಪದ್ಧತಿಯನ್ನು ಪ್ರತಿ ಕುಟುಂಬವೂ ರೂಢಿಸಿಕೊಳ್ಳಲಿ ಎಂದು ಕೋರುತ್ತೇನೆ.